ಅರ್ಧ ಚಮಚದಿಂದ ಶುರು ಮಾಡೋಣ

ಆರಂಭಶೂರ ಎಂಬ ಪದವನ್ನು ಕಟ್ಟಿದವರು ಖಂಡಿತ ಯಾವುದೋ ಹಾಸ್ಟೆಲ್‌ನಲ್ಲಿ ಇದ್ದು ಬಂದವರೇ ಇರಬೇಕು. ಪ್ರತಿ ಸೆಮಿಸ್ಟರ್‌ನ ಮೊದಲ ವಾರ ನಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ಪ್ರತಿಜ್ಞೆಗಳ ಸುರಿಮಳೆ. ‘ನಾಳೆಯಿಂದ ಬೆಳಿಗ್ಗೆ ಐದಕ್ಕೇ ಏಳೋದು ಕಣೇ’, ‘ಇವತ್ತಿಂದ ಸಕ್ಕರೆ ಬಂದ್’, ‘ದಿನಾ ಒಂದು ಗಂಟೆ ರನ್ನಿಂಗ್’, ‘ಮೈದಾ ಮುಟ್ಟಿದ್ರೆ ಕೇಳು’. ಒಬ್ಬಳು ಯೋಗ ಮ್ಯಾಟ್ ತರಿಸುತ್ತಾಳೆ, ಇನ್ನೊಬ್ಬಳು ಎರಡು ಕೆ.ಜಿ. ಓಟ್ಸ್ ತರಿಸುತ್ತಾಳೆ. ಮೊದಲ ಇಂಟರ್ನಲ್ಸ್ ಹತ್ತಿರ ಬರುವಷ್ಟರಲ್ಲಿ ಮ್ಯಾಟ್ ಮಂಚದ ಕೆಳಗೆ ಸೇರಿರುತ್ತದೆ, ಓಟ್ಸ್‌ಗೆ ಹುಳ ಬಿದ್ದಿರುತ್ತದೆ. ಹುಡುಗರ ಹಾಸ್ಟೆಲ್‌ನ ಕಥೆಯೂ ಬೇರೆಯಲ್ಲ. ಅಲ್ಲಿ ಮ್ಯಾಟ್ ಬದಲು ಮೂರು ತಿಂಗಳ ಜಿಮ್ ಫೀಸು, ಓಟ್ಸ್ ಬದಲು ಪ್ರೋಟೀನ್ ಪೌಡರ್ ಡಬ್ಬ.

ಇದನ್ನು ನೋಡಿದ ದೊಡ್ಡವರು ‘ಈಗಿನ ಹುಡುಗರಿಗೆ ಮನಸ್ಸು ಗಟ್ಟಿ ಇಲ್ಲ’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ರಾತ್ರಿಯಿಡೀ ಕೂತು ಐದು ಮಾಡ್ಯೂಲ್ ಓದಿ ಬೆಳಿಗ್ಗೆ ಹೋಗಿ ಪರೀಕ್ಷೆ ಬರೆದು ಬರುವವರಿಗೆ ಮನಸ್ಸು ಗಟ್ಟಿ ಇಲ್ಲ ಎಂದರೆ ಹೇಗೆ? ಕೊರತೆ ಇರುವುದು ಮನಸ್ಸಿನಲ್ಲಲ್ಲ, ಲೆಕ್ಕದಲ್ಲಿ. ಏಳುವ ಹೊತ್ತು, ಮಲಗುವ ಹೊತ್ತು, ತಿಂಡಿ, ವ್ಯಾಯಾಮ, ಎಲ್ಲವನ್ನೂ ಒಂದೇ ಸೋಮವಾರ ಬದಲಾಯಿಸಲು ಹೊರಟರೆ ಯಾವ ಗಟ್ಟಿ ಮನಸ್ಸೂ ತಡೆಯುವುದಿಲ್ಲ.

ಮೋಟರಿಗಿರುವ ಮರ್ಯಾದೆ ಮೈಗಿಲ್ಲ

ನಾನು ಓದುತ್ತಿರುವುದು ಎಲೆಕ್ಟ್ರಿಕಲ್. ನಮ್ಮ ಲ್ಯಾಬಿನಲ್ಲಿ ಕಲಿಸುವ ಒಂದು ಸಂಗತಿ ಪಂಪ್‌ಸೆಟ್ ಇರುವ ರೈತರಿಗೆಲ್ಲ ಮೊದಲೇ ಗೊತ್ತು. ದೊಡ್ಡ ಇಂಡಕ್ಷನ್ ಮೋಟರನ್ನು ನೇರವಾಗಿ ಲೈನಿಗೆ ಕೊಟ್ಟರೆ ಶುರುವಾಗುವ ಗಳಿಗೆಯಲ್ಲಿ ಅದು ಮಾಮೂಲಿಗಿಂತ ಐದರಿಂದ ಏಳು ಪಟ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಫ್ಯೂಸ್ ಹೋಗುತ್ತದೆ, ಪದೇ ಪದೇ ಹೀಗೆ ಮಾಡಿದರೆ ಕಾಯಿಲೇ ಸುಟ್ಟೀತು. ಅದಕ್ಕೆಂದೇ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರುವುದು. ಮೊದಲು ಸ್ಟಾರ್ ಜೋಡಣೆಯಲ್ಲಿ ಮೋಟರು ತಿರುಗಲು ಶುರುವಾಗುತ್ತದೆ. ಆಗ ಲೈನಿನಿಂದ ಎಳೆಯುವ ಕರೆಂಟು ನೇರವಾಗಿ ಡೆಲ್ಟಾದಲ್ಲಿ ಶುರು ಮಾಡಿದಾಗಿನ ಮೂರನೇ ಒಂದು ಭಾಗ ಮಾತ್ರ. ವೇಗ ಹಿಡಿದ ಮೇಲೆ ಡೆಲ್ಟಾಕ್ಕೆ ಬದಲಾಗಿ ಪೂರ್ತಿ ಶಕ್ತಿಯಲ್ಲಿ ಓಡುತ್ತದೆ.

ಒಂದು ಮೋಟರಿಗೆ ನಾವು ಕೊಡುವ ಈ ಮರ್ಯಾದೆಯನ್ನು ನಮ್ಮ ಮೈಗೆ ಕೊಡುವುದಿಲ್ಲ. ಆರು ತಿಂಗಳಿಂದ ಮೆಟ್ಟಿಲು ಹತ್ತದ ಕಾಲಿಗೆ ಮೊದಲ ದಿನವೇ ಐದು ಕಿಲೋಮೀಟರ್ ಓಟ. ಮೂರನೇ ದಿನ ಮೈಕೈ ನೋವು, ನಾಲ್ಕನೇ ದಿನ ರಜೆ, ಐದನೇ ದಿನ ಆ ಮಾತೇ ಇಲ್ಲ. ಇಲ್ಲಿ ಮೋಟರು ಕೆಟ್ಟಿಲ್ಲ, ಹೋಗಿರುವುದು ಫ್ಯೂಸ್.

21 ದಿನದ ಸುಳ್ಳು, 66 ದಿನದ ನಿಜ

‘21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ’ ಎಂಬ ಮಾತು ನಮ್ಮ ಮೊಬೈಲ್‌ಗಳಲ್ಲಿ ದಿನಾ ಓಡಾಡುತ್ತಿದೆ. ಇದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ‘ಸೈಕೋ-ಸೈಬರ್ನೆಟಿಕ್ಸ್’ ಪುಸ್ತಕ. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ‘ಕಡಿಮೆಯೆಂದರೂ’ ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಬಿದ್ದುಹೋಯಿತು. ಮುಖದ ಮಾತು ಓಟಕ್ಕೂ ಊಟಕ್ಕೂ ಅಂಟಿಕೊಂಡಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು ಇದನ್ನು ನಿಜವಾಗಿಯೂ ಅಳೆದು ನೋಡಿದರು. 2009ರಲ್ಲಿ ಹೊರಬಂದ ಅವರ ಅಧ್ಯಯನದಲ್ಲಿ 96 ಜನರಿದ್ದರು. ಪ್ರತಿಯೊಬ್ಬರೂ ತಿನ್ನುವುದು, ಕುಡಿಯುವುದು ಅಥವಾ ಮೈ ದಂಡಿಸುವುದಕ್ಕೆ ಸೇರಿದ ಒಂದೇ ಒಂದು ಕೆಲಸವನ್ನು ಆರಿಸಿಕೊಂಡು, ದಿನಾ ಒಂದೇ ಹೊತ್ತಿಗೆ ಅಥವಾ ಒಂದೇ ಸಂದರ್ಭದಲ್ಲಿ 12 ವಾರ ಮಾಡಬೇಕಿತ್ತು. ಆ ಕೆಲಸ ಯೋಚಿಸದೆ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಒಬ್ಬರಿಗೆ 18 ದಿನವಾದರೆ, ಇನ್ನೊಬ್ಬರಿಗೆ ಲೆಕ್ಕದ ಪ್ರಕಾರ 254 ದಿನ. ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಕೂತಿತು, ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು.

ಈ ಅಧ್ಯಯನದಲ್ಲಿ ನನಗೆ ಇಷ್ಟವಾದ ಸಂಗತಿಗಳು ಎರಡು. ಮೊದಲನೆಯದು, ನಡುವೆ ಒಂದು ದಿನ ತಪ್ಪಿದರೆ ಏನೂ ಮುಳುಗುವುದಿಲ್ಲ ಎಂಬುದು. ಮರುದಿನ ಮುಂದುವರಿಸಿದವರ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ನಾವೋ, ಸರಪಳಿ ತುಂಡಾಯಿತು ಎಂದು ಒಂದು ದಿನ ತಪ್ಪಿದ್ದಕ್ಕೆ ಇಡೀ ಸೆಮಿಸ್ಟರ್ ಬಿಟ್ಟುಬಿಡುತ್ತೇವೆ.

ಎರಡನೆಯದು, ಅಭ್ಯಾಸ ಬೆಳೆಯುವ ಗೆರೆಯ ಆಕಾರ. ಅದು ಕೆಪಾಸಿಟರ್ ಚಾರ್ಜ್ ಆಗುವ ಗ್ರಾಫಿನಂತೆಯೇ ಇದೆ. ಮೊದಮೊದಲು ಬೇಗ ಏರುತ್ತದೆ, ಆಮೇಲೆ ಏರಿಕೆ ಸಣ್ಣದಾಗುತ್ತಾ ಚಪ್ಪಟೆಯಾಗುತ್ತದೆ. ‘ದಿನಕ್ಕೆ ಶೇ 1ರಷ್ಟು ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು’ ಎಂಬ ಜನಪ್ರಿಯ ಲೆಕ್ಕವಿದೆಯಲ್ಲ, ಅದು ಚಕ್ರಬಡ್ಡಿಯ ಲೆಕ್ಕ. ಕ್ಯಾಲ್ಕುಲೇಟರ್‌ನಲ್ಲಿ ಸರಿ, ಮೈಯಲ್ಲಿ ಸರಿಯಲ್ಲ. ಯಾರೂ ವರ್ಷದ ಕೊನೆಗೆ 37 ಪಟ್ಟು ಆರೋಗ್ಯವಂತರಾಗುವುದಿಲ್ಲ. ಹನಿಗೂಡಿದರೆ ಹಳ್ಳ ಎಂದ ನಮ್ಮ ಹಿರಿಯರು ಸಮುದ್ರವಾಗುತ್ತದೆ ಎಂದು ಆಸೆ ತೋರಿಸಲಿಲ್ಲ. ಎರಡನೇ ತಿಂಗಳಲ್ಲಿ ‘ಏನೂ ಬದಲಾವಣೆ ಕಾಣುತ್ತಿಲ್ಲ’ ಎನಿಸಿದರೆ ಅದು ಸೋಲಲ್ಲ, ಅಭ್ಯಾಸ ಕೂರುತ್ತಿರುವ ಲಕ್ಷಣವೂ ಆಗಿರಬಹುದು.

ಇಪ್ಪತ್ತರಲ್ಲೇ ಯಾಕೆ?

ಇಷ್ಟೆಲ್ಲ ನಮಗೆ ಈಗಲೇ ಯಾಕೆ ಎಂದು ಕೇಳಬಹುದು. ನಮ್ಮ ನಮ್ಮ ಮನೆಯ ಫ್ರಿಜ್ ಮೇಲಿನ ಮಾತ್ರೆ ಡಬ್ಬ ನೋಡಿದರೆ ಉತ್ತರ ಸಿಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ. ನನ್ನ ಅಪ್ಪನಿಗೆ ಶುಗರ್ ಇದೆ ಎಂದು ಗೊತ್ತಾದಾಗ ಅವರಿಗೆ 46. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಉದ್ದದ ಪಟ್ಟಿ ಕೊಡಲಿಲ್ಲ. ‘ಮಾತ್ರೆ ತಪ್ಪಿಸಬೇಡಿ. ಈ ತಿಂಗಳು ಒಂದೇ ಕೆಲಸ, ರಾತ್ರಿ ಅನ್ನ ಅರ್ಧ ಮಾಡಿ, ಪಲ್ಯ ಎರಡರಷ್ಟು ಹಾಕಿಸಿಕೊಳ್ಳಿ. ಮುಂದಿನದು ಮುಂದಿನ ತಿಂಗಳು’ ಎಂದರು. ಮುಂದಿನ ತಿಂಗಳು ಊಟವಾದ ಮೇಲೆ ಹಾಲಿನ ಡೈರಿಯವರೆಗೆ ನಡಿಗೆ ಸೇರಿತು. ಮೂರು ವರ್ಷವಾಯಿತು, ಎರಡೂ ನಡೆಯುತ್ತಿವೆ. ಈಗ ಅಮ್ಮನೂ ಜೊತೆಗೆ ಹೋಗುತ್ತಾರೆ. ಪಟ್ಟಿ ಕೊಟ್ಟಿದ್ದರೆ ಅದು ಕ್ಯಾಲೆಂಡರಿನ ಹಿಂದೆ ಸಿಕ್ಕಿಕೊಂಡಿರುತ್ತಿತ್ತು.

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಅಧ್ಯಯನವೊಂದು 2016ರಲ್ಲಿ ಹೇಳಿದ್ದೂ ಇದನ್ನೇ. ಟೈಪ್-2 ಮಧುಮೇಹ ಇರುವ 41 ಜನರಿಗೆ ದಿನಕ್ಕೆ 30 ನಿಮಿಷ ಯಾವಾಗಲಾದರೂ ನಡೆಯುವುದು ಒಂದು ಸರದಿ, ಮೂರು ಹೊತ್ತು ಊಟವಾದ ಮೇಲೆ ತಲಾ 10 ನಿಮಿಷ ನಡೆಯುವುದು ಇನ್ನೊಂದು ಸರದಿ. ಒಟ್ಟು ಸಮಯ ಅಷ್ಟೇ. ಆದರೆ ಊಟದ ನಂತರ ನಡೆದಾಗ ರಕ್ತದಲ್ಲಿ ಏರುವ ಸಕ್ಕರೆ ಸರಾಸರಿ ಶೇ 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರವಂತೂ ಶೇ 22ರಷ್ಟು ಕಡಿಮೆ.

ಅಪ್ಪ 46ಕ್ಕೆ ಕಲಿತದ್ದನ್ನು ನಾವು 20ಕ್ಕೆ ಕಲಿತರೆ ಲಾಭ ನಮ್ಮದೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮಕ್ಕಳಿಗೆ ಬೈಯಲು ಮಾತ್ರ ಬಳಸಬೇಕಿಲ್ಲ. ಮನೆ ಬಿಟ್ಟು ಬಂದು, ಯಾವಾಗ ತಿನ್ನಬೇಕು, ಯಾವಾಗ ಮಲಗಬೇಕು ಎಂದು ಮೊದಲ ಸಲ ನಾವೇ ತೀರ್ಮಾನಿಸುವ ವಯಸ್ಸು ಇದು. ಈಗ ಕೂತ ಅಭ್ಯಾಸ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಕೆಲಸಕ್ಕೆ ಸೇರಿದ ಮೇಲೂ ನಮ್ಮ ಬೆನ್ನಿಗೆ ಬರುತ್ತದೆ.

ಹಾಸ್ಟೆಲ್‌ನಲ್ಲಿ ಆಗುವಂಥದ್ದು

ಸಣ್ಣದು ಎಂದರೆ ಎಷ್ಟು ಸಣ್ಣದು? ಕೇಳಿದವರು ನಗಬೇಕು, ಅಷ್ಟು ಸಣ್ಣದು.

ಸಕ್ಕರೆಯನ್ನೇ ತೆಗೆದುಕೊಳ್ಳಿ. ದಿನಕ್ಕೆ ಮೂರು ಲೋಟ ಟೀ, ಲೋಟಕ್ಕೆ ಎರಡು ಚಮಚ ಎಂದರೆ ಆರು ಚಮಚ, ಸುಮಾರು 25 ಗ್ರಾಂ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ ಇಷ್ಟರೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಅದು. ಬಿಸ್ಕತ್ತು, ಜ್ಯೂಸು ಬಾಯಿಗೆ ಬೀಳುವ ಮೊದಲೇ ಆ ಮಿತಿ ಮುಗಿಯಿತು. ಪೂರ್ತಿ ಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಲೋಟಕ್ಕೆ ಅರ್ಧ ಚಮಚ ಕಡಿಮೆ ಮಾಡಿದರೆ ಒಂದು ವಾರದಲ್ಲಿ ನಾಲಿಗೆಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ದಿನಕ್ಕೆ 6 ಗ್ರಾಂ ಎಂದರೆ ವರ್ಷಕ್ಕೆ ಎರಡು ಕಿಲೋಗಿಂತ ಹೆಚ್ಚು ಸಕ್ಕರೆ ಕಡಿಮೆಯಾಯಿತು. ಕ್ಯಾಂಟೀನಿನ ಟೀಗೆ ಮೊದಲೇ ಸಕ್ಕರೆ ಬಿದ್ದಿರುತ್ತದೆ ಎನ್ನುವವರಿಗೆ ನಮ್ಮ ಹೋಟೆಲುಗಳು ಎಂದೋ ದಾರಿ ತೋರಿಸಿವೆ, ಬೈ-ಟು. ಅರ್ಧ ಟೀ, ಅರ್ಧ ಸಕ್ಕರೆ, ಅರ್ಧ ದುಡ್ಡು, ಪೂರ್ತಿ ಹರಟೆ.

ಇನ್ನು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಭಾರತದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ನಮ್ಮ ರಾಜ್ಯದಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು. ಅಂದರೆ ನಮ್ಮ ಕ್ಲಾಸಿನ ಹುಡುಗಿಯರ ಬೆಂಚುಗಳಲ್ಲೂ ಇದು ಕೂತಿದೆ. ‘ಯಾವಾಗಲೂ ಸುಸ್ತು’ ಎಂದು ನಾವು ಸಿಲಬಸ್ ಮೇಲೆ ಹಾಕುವ ತಪ್ಪು ಕೆಲವೊಮ್ಮೆ ರಕ್ತದ್ದಿರಬಹುದು. ಊಟದ ಜೊತೆಗೋ ಊಟವಾದ ತಕ್ಷಣವೋ ಕುಡಿಯುವ ಟೀ-ಕಾಫಿ, ಸೊಪ್ಪು-ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ನಿಂಬೆರಸದಲ್ಲಿರುವ ಸಿ ಜೀವಸತ್ವ ಅದು ಹತ್ತುವಂತೆ ಮಾಡುತ್ತದೆ. ಟೀಯನ್ನು ಊಟದಿಂದ ಒಂದು ಗಂಟೆ ದೂರ ಇಡುವುದು, ಸೊಪ್ಪಿನ ಸಾರಿಗೋ ಉಸಳಿಗೋ ಒಂದು ಹೋಳು ನಿಂಬೆ ಹಿಂಡಿಕೊಳ್ಳುವುದು ಹಾಸ್ಟೆಲ್‌ನಲ್ಲೂ ಆಗುವ ಕೆಲಸ. ಸುಸ್ತು ಹೋಗದಿದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ನಡಿಗೆಗೆ ‘ದಿನಕ್ಕೆ 10,000 ಹೆಜ್ಜೆ’ ಎಂಬ ಗುರಿ ಕಂಡು ಹೆದರುವವರಿದ್ದಾರೆ. ಆ ಸಂಖ್ಯೆ ಬಂದದ್ದು ಆಸ್ಪತ್ರೆಯಿಂದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ. ಆ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಚಟುವಟಿಕೆ ಇರಲಿ ಎನ್ನುತ್ತದೆ. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ನಿಯಮವನ್ನು 2020ರಲ್ಲಿ ಅದೇ ಕೈಬಿಟ್ಟಿದೆ. ಅಂದರೆ ಮೂರನೇ ಮಹಡಿಯ ಲ್ಯಾಬಿಗೆ ಲಿಫ್ಟ್ ಬಿಟ್ಟು ಹತ್ತಿದ ಮೆಟ್ಟಿಲೂ ಲೆಕ್ಕಕ್ಕೆ ಬಂತು, ಒಂದು ಸ್ಟಾಪ್ ಮೊದಲೇ ಬಸ್ ಇಳಿದು ನಡೆದದ್ದೂ ಬಂತು.

ನಿದ್ದೆಗೂ ಇದೇ ಸೂತ್ರ. ರಾತ್ರಿ ಎರಡಕ್ಕೆ ಮಲಗುವವರು ‘ನಾಳೆಯಿಂದ ಹತ್ತಕ್ಕೆ’ ಎಂದರೆ ಹಾಸಿಗೆಯಲ್ಲಿ ಬಿದ್ದುಕೊಂಡು ನಾಲ್ಕು ಗಂಟೆ ರೀಲ್ಸ್ ನೋಡುತ್ತಾರೆ ಅಷ್ಟೇ. ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ಸರಿಸಿದರೆ ಒಂದು ತಿಂಗಳಲ್ಲಿ ಎರಡು ಗಂಟೆ ಹನ್ನೆರಡಾಗುತ್ತದೆ. ಚಾರ್ಜರನ್ನು ದಿಂಬಿನ ಪಕ್ಕದಿಂದ ಬಾಗಿಲ ಪಕ್ಕದ ಪ್ಲಗ್ಗಿಗೆ ಬದಲಾಯಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಹಸು ಕಟ್ಟಲು ಗೂಟ ಬೇಕು. ಹೊಸ ಅಭ್ಯಾಸಕ್ಕೂ ಒಂದು ಗೂಟ ಬೇಕು. ‘ಸಮಯ ಸಿಕ್ಕಾಗ ಮಾಡುತ್ತೇನೆ’ ಎಂದ ಕೆಲಸಕ್ಕೆ ಸಮಯ ಸಿಗುವುದೇ ಇಲ್ಲ. ಈಗಾಗಲೇ ದಿನಾ ತಪ್ಪದೆ ಮಾಡುವ ಕೆಲಸಕ್ಕೆ ಹೊಸದನ್ನು ಕಟ್ಟಬೇಕು. ಹಲ್ಲುಜ್ಜಿದ ಮೇಲೆ ಒಂದು ಲೋಟ ನೀರು, ತಟ್ಟೆ ತೊಳೆದ ಮೇಲೆ ಹಾಸ್ಟೆಲ್ ಸುತ್ತ ಎರಡು ಸುತ್ತು, ಹೀಗೆ. ಒಂದು ಕೂತ ಮೇಲೆ ಇನ್ನೊಂದು.

ಎಲ್ಲದಕ್ಕೂ ನಿಧಾನ ಮದ್ದಲ್ಲ

ನಿಧಾನವೇ ಪ್ರಧಾನ ಎಂಬುದನ್ನು ಎಲ್ಲ ಕಡೆಗೂ ಅಂಟಿಸುವುದೂ ಸರಿಯಲ್ಲ. ‘ದಿನಕ್ಕೆ ಒಂದೊಂದೇ ಸಿಗರೇಟು ಕಡಿಮೆ ಮಾಡ್ತೀನಿ’ ಎನ್ನುವ ಗೆಳೆಯರು ಎಲ್ಲರಿಗೂ ಇದ್ದಾರೆ. ಆಕ್ಸ್‌ಫರ್ಡ್ ಸಂಶೋಧಕರು ಸುಮಾರು 700 ಮಂದಿಯ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಗದಿ ಮಾಡಿದ ದಿನ ಒಮ್ಮೆಲೇ ನಿಲ್ಲಿಸಿದವರಲ್ಲಿ ಶೇ 49ರಷ್ಟು ಮಂದಿ ನಾಲ್ಕು ವಾರದ ನಂತರವೂ ದೂರವಿದ್ದರು. ಹಂತಹಂತವಾಗಿ ಕಡಿಮೆ ಮಾಡಿದವರಲ್ಲಿ ಹಾಗೆ ಉಳಿದವರು ಶೇ 39. ಅಭ್ಯಾಸ ಕಟ್ಟುವುದು ಬೇರೆ, ಚಟ ಕಳಚುವುದು ಬೇರೆ. ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ಕುಡಿತದಂಥ ಚಟಕ್ಕೆ, ಕಾಯಿಲೆಗೆ, ಮನಸ್ಸಿನ ಖಿನ್ನತೆಗೆ ವೈದ್ಯರೇ ಬೇಕು. ಅರ್ಧ ಚಮಚದ ಸೂತ್ರ ಚಿಕಿತ್ಸೆಯ ಬದಲಿಯಲ್ಲ.

ಕಾಲೇಜೂ ಅರ್ಧ ಚಮಚ ಬದಲಾಗಲಿ

ಕೊನೆಯದಾಗಿ ಒಂದು ಮಾತು. ಆರೋಗ್ಯದ ವಿಷಯ ಬಂದಾಗ ಎಲ್ಲರೂ ನಮಗೇ ಉಪದೇಶ ಮಾಡುತ್ತಾರೆ. ಆದರೆ ನಮ್ಮ ದಿನದ ಬಹುಪಾಲು ನಮ್ಮ ಕೈಯಲ್ಲಿಲ್ಲ. ಮೆಸ್ಸಿನಲ್ಲಿ ತಿಂಡಿ ಬರುವ ಹೊತ್ತಿಗೆ ಕಾಲೇಜ್ ಬಸ್ ಹೊರಟರೆ ತಿಂಡಿ ಬಿಟ್ಟು ಹೋಗಲೇಬೇಕು, ಹನ್ನೊಂದಕ್ಕೆ ಕ್ಯಾಂಟೀನಿನ ಪಫ್ ತಿನ್ನಲೇಬೇಕು. ‘ಸಂಜೆ ವಾಕಿಂಗ್ ಹೋಗಿ’ ಎನ್ನುತ್ತಾರೆ, ಲೇಡೀಸ್ ಹಾಸ್ಟೆಲ್ ಗೇಟು ಆರೂವರೆಗೆ ಮುಚ್ಚುತ್ತದೆ. ‘ನೀರು ಚೆನ್ನಾಗಿ ಕುಡಿಯಿರಿ’ ಎನ್ನುತ್ತಾರೆ, ಶೌಚಾಲಯದ ಸ್ಥಿತಿ ನೆನೆಸಿಕೊಂಡು ಎಷ್ಟೋ ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಟಲಿ ಮುಚ್ಚಳವನ್ನೇ ತೆಗೆಯುವುದಿಲ್ಲ. ನಮಗೆ ಮೊದಲ ವರ್ಷದಲ್ಲಿ ‘ಸೈಂಟಿಫಿಕ್ ಫೌಂಡೇಷನ್ಸ್ ಆಫ್ ಹೆಲ್ತ್’ ಎಂಬ ಒಂದು ಕ್ರೆಡಿಟ್‌ನ ವಿಷಯವಿತ್ತು. ಒಳ್ಳೆಯ ವಿಷಯ. ಆದರೆ ಅದರಲ್ಲಿ ಓದಿದ್ದನ್ನು ಮಾಡಿ ನೋಡಲು ಜಾಗ ಬೇಡವೇ?

ಕಾಲೇಜುಗಳಿಂದ ಈಜುಕೊಳ, ಹವಾನಿಯಂತ್ರಿತ ಜಿಮ್ ಕೇಳುತ್ತಿಲ್ಲ. ತಿಂಡಿಯ ಸಮಯ ಕಾಲು ಗಂಟೆ ಮೊದಲಾಗಲಿ. ಕ್ಯಾಂಟೀನಿನಲ್ಲಿ ಒಂದು ಪಾತ್ರೆ ಟೀ ಸಕ್ಕರೆ ಇಲ್ಲದೆ ಇರಲಿ, ಬೇಕಾದವರು ಹಾಕಿಕೊಳ್ಳಲಿ. ಚಿಪ್ಸ್ ಪೊಟ್ಟಣಗಳ ಪಕ್ಕ ಒಂದು ಚಿಪ್ಪು ಬಾಳೆಹಣ್ಣು ಇರಲಿ, ಬೇಯಿಸಿದ ಕಡಲೆಕಾಯಿ ಇರಲಿ. ಶೌಚಾಲಯ ದಿನಕ್ಕೆ ಒಂದು ಸಲ ಹೆಚ್ಚು ತೊಳೆಯಲಿ. ಊಟವಾದ ಮೇಲೆ ಹಾಸ್ಟೆಲ್ ಕಾಂಪೌಂಡ್ ಒಳಗೇ ನಡೆಯಲು ಎರಡು ದೀಪ ಹಾಕಿಸಲಿ. ಇವೂ ಅರ್ಧ ಚಮಚದ ಬದಲಾವಣೆಗಳೇ. ಸಾವಿರ ಜನ ಇರುವ ಕಡೆ ಮಾಡಿದರೆ ಸಾವಿರ ಜನರ ಅಭ್ಯಾಸ ಸುಲಭವಾಗುತ್ತದೆ.

ಅಲ್ಲಿಯವರೆಗೆ ನಮ್ಮ ಪಾಲಿನದ್ದನ್ನು ನಾವು ಮಾಡೋಣ. ಓದುತ್ತಿರುವ ನೀವು ಇವತ್ತು ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಎರಡು ಬೇಡ. ಜ್ವರ ಬಂದ ದಿನವೂ, ಪರೀಕ್ಷೆಯ ಹಿಂದಿನ ದಿನವೂ ಮಾಡಲು ಆಗುವಷ್ಟು ಸಣ್ಣದಿರಲಿ. ಅದಕ್ಕೊಂದು ಗೂಟ ಹುಡುಕಿ. ಸ್ಟೇಟಸ್ ಹಾಕಬೇಡಿ, ಮ್ಯಾಟ್ ಕೊಳ್ಳಬೇಡಿ. ಒಂದು ದಿನ ತಪ್ಪಿದರೆ ಮರುದಿನ ಮಾಡಿ, ಎರಡು ತಿಂಗಳು ಕಾಯಿರಿ. ಅಷ್ಟರಲ್ಲಿ ಅದು ‘ಮಾಡಬೇಕಾದ ಕೆಲಸ’ಗಳ ಪಟ್ಟಿಯಿಂದ ಹೊರಬಂದು, ಚಪ್ಪಲಿ ಹೊರಗೆ ಬಿಟ್ಟು ಮನೆಯೊಳಗೆ ಹೋಗುವಷ್ಟೇ ಸಹಜವಾಗಿರುತ್ತದೆ. ಆಮೇಲೆ ಎರಡನೆಯದರ ಬಗ್ಗೆ ಯೋಚಿಸಿದರಾಯಿತು.